ಬೇಸ್ ಕೇಳಿಸದ ಆ ಹಳೆಯ ಮಿಕ್ಸ್

ಪತ್ರ: ಅಮೆರಿಕದ ರಾಕ್ ತಂಡ ಸ್ಟೂಜಸ್‌ನ 'ರಾ ಪವರ್' ಆಲ್ಬಮ್ಮನ್ನು 1997ರ ಮಿಕ್ಸ್‌ನಲ್ಲಿ (ಕಂಠ, ವಾದ್ಯಗಳ ಸದ್ದನ್ನು ಹೊಸದಾಗಿ ಬೆರೆಸಿದ ರೂಪದಲ್ಲಿ) ಕೇಳಿದ ಮೇಲೆ ಹಳೆಯದು ತಗಡು ಬಡಿದಂತಿದೆ. ಹಾಡಿದ ಇಗ್ಗಿ ಪಾಪ್ ತಾವೇ ಕೂತು ಮಾಡಿದ್ದಲ್ಲವೇ ಅಸಲಿ? ಹಳೆಯದನ್ನು ನೀವು ಹೊಗಳುವುದು ಬರೀ ಮೋಹ.
– ಹಾಸನದ ಓದುಗರು

ಉತ್ತರ: ಈ ಆಲ್ಬಮ್ಮಿಗಾಗಿ ಜಗಳಕ್ಕೆ ಬರುವವರೊಬ್ಬರು ಸಿಕ್ಕರಲ್ಲ, ಅದೇ ಸಂತೋಷ. ದೂರಿನಲ್ಲಿ ಹುರುಳಿಲ್ಲದಿಲ್ಲ. 1973ರ ಮೂಲ ಮಿಕ್ಸ್‌ನಲ್ಲಿ ರಾನ್ ಆಶ್‌ಟನ್ ಅವರ ಬೇಸ್ ಗಿಟಾರನ್ನೂ ಅವರ ತಮ್ಮ ಸ್ಕಾಟ್ ಅವರ ಡ್ರಮ್ಮನ್ನೂ ಕಿವಿಗೊಟ್ಟು ಹುಡುಕಬೇಕು.

ಆದರೆ ಆ ಮಿಕ್ಸಿನ ಹೊಣೆ ಹೊತ್ತ ಗಾಯಕ ಡೇವಿಡ್ ಬೋವಿ ಕೈಗೆ ಬಂದದ್ದೇನು? ಒಂದೊಂದು ಸದ್ದನ್ನೂ ಬೇರೆ ಬೇರೆಯಾಗಿ ಹಿಡಿಯಬಲ್ಲ ಟೇಪಿನ 24 ಟ್ರ್ಯಾಕಿನಲ್ಲಿ ತುಂಬಿದ್ದು ಮೂರೇ ಎಂದು ಅವರೇ ಹೇಳಿಕೊಂಡಿದ್ದಾರೆ: ಒಂದರಲ್ಲಿ ಇಡೀ ತಂಡ, ಒಂದರಲ್ಲಿ ಗಿಟಾರ್, ಒಂದರಲ್ಲಿ ಇಗ್ಗಿ ಕಂಠ. ಕುದಿದ ಹುಳಿಯಿಂದ ಬೇಳೆ ಆರಿಸಲಾದೀತೇ? ಅವರು ಕಂಠವನ್ನೂ ಜೇಮ್ಸ್ ವಿಲಿಯಮ್‌ಸನ್ ಗಿಟಾರನ್ನೂ ಮುಂದಕ್ಕೆ ತಂದರು. ಗೆಳೆಯ ನಕಲು ಮಾಡಿಕೊಟ್ಟ ಕ್ಯಾಸೆಟ್ಟನ್ನು ಟೂ-ಇನ್-ಒನ್‌ಗೆ ಹಾಕಿದ ರಾತ್ರಿ, ಆ ಗಿಟಾರ್ ಸೀಳಿಕೊಂಡು ಬಂದಾಗ ನಾನು ಕೈಲಿದ್ದ ಲೋಟ ಕೆಳಗಿಟ್ಟೆ. ಕಾಫಿ ಕುಡಿದದ್ದು ಒಂದು ಬದಿ ಮುಗಿದ ಮೇಲೆ, ತಣ್ಣಗಾಗಿ ಕೆನೆಗಟ್ಟಿದ್ದನ್ನೇ.

ಹಾಡಿದವರ ಮಾತೇ ಅಂತಿಮ ಅನ್ನುತ್ತೀರಿ. ಬೇಸ್ ನುಡಿಸಿದವರನ್ನೂ ಕೇಳಬೇಡವೇ? ಮೂಲದಲ್ಲಿ ಮುಚ್ಚಿಹೋದ ಅದೇ ರಾನ್, ಇಗ್ಗಿ ಮಿಕ್ಸ್ ಕೇಳಿ, ತಮಗೆ ಹಳೆಯದೇ ಹಿಡಿಸಿತ್ತು ಎಂದರು. ತನ್ನ ಒಂದೊಂದು ಮುಲುಕನ್ನೂ ಇಗ್ಗಿ ವಾಪಸ್ ತುಂಬಿದ್ದಾರೆ ಎಂಬುದು ಅವರ ತಕರಾರು. 1997ರ ಸಿಡಿಯಲ್ಲಿ ಸದ್ದು ಏರಿಸಿದ ರಭಸಕ್ಕೆ ಧ್ವನಿಯಲೆಯ ತುದಿಗಳೇ ಕತ್ತರಿಸಿಹೋಗಿವೆ. ಮೂರು ಹಾಡಿಗೆ ಕಿವಿ ದಣಿಯುತ್ತದೆ.

ಆ ಮಿಕ್ಸ್ ಇರಲಿ, ಬೇಡ ಅನ್ನುವುದಿಲ್ಲ. ನನಗೆ ಸಿಟ್ಟು, ಹೊಸದು ಬಂದೊಡನೆ ಹಳೆಯದನ್ನು ಮೂಲೆಗೆ ತಳ್ಳುವ ಕಂಪನಿಗಳ ಚಾಳಿಯ ಮೇಲೆ. ಬೋವಿ ಮಿಕ್ಸ್‌ಗೆ ಒಪ್ಪವಿಟ್ಟು ಮತ್ತೆ ತಂದದ್ದು 2010ರಲ್ಲಿ. ಅಷ್ಟರೊಳಗೆ ನಿಮ್ಮಂಥ ಎಷ್ಟು ಜನ ಹೊಸದರಲ್ಲೇ ಕಿವಿ ಪಳಗಿಸಿಕೊಂಡರೋ! ನಮ್ಮ ಹಳೆಯ ಚಿತ್ರಗೀತೆಗಳಿಗೂ ಹೊಸ ತಾಳ ಅಂಟಿಸಿ ಮಾರುತ್ತಾರೆ. ಮದುವೆಮನೆಯಲ್ಲಿ ಮಕ್ಕಳು ಅದನ್ನೇ ಮೂಲವೆಂದು ಗುನುಗುವಾಗ ನನಗೆ ಊಟ ಇಳಿಯುವುದಿಲ್ಲ.

ನೀವು ಕೇಳಬಲ್ಲವರು, ಅದಕ್ಕೇ ಇಷ್ಟು ಹೇಳಿದೆ. 'ಗಿಮ್ಮಿ ಡೇಂಜರ್' ಎರಡೂ ಮಿಕ್ಸ್‌ನಲ್ಲಿ ಹಾಕಿ. ಜೋರಾದದ್ದೇ ಕಿವಿಗೆ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಮೊದಲು ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇನೆ.