ಗಿರಾಕಿ ಇಲ್ಲದ ಮೇ ತಿಂಗಳು: ಒಂದು ಝೆರಾಕ್ಸ್ ಅಂಗಡಿಯ ಪ್ರಕರಣ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಪದವಿ ಕಾಲೇಜಿನ ಎದುರು ಝೆರಾಕ್ಸ್, ಸ್ಟೇಷನರಿ ಅಂಗಡಿ ಇಟ್ಟಿರುವವರು. ಹುಡುಗರೆಲ್ಲ ‘ಅಣ್ಣ’ ಎನ್ನುತ್ತಾರೆ, ಇಲ್ಲೂ ಹಾಗೇ ಇರಲಿ.

ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆದುಕೊಂಡು ಬಂದದ್ದು ಹೆಂಡತಿ. “ರಾತ್ರಿ ನಿದ್ದೆ ಮಾಡಲ್ಲ ಮೇಡಂ. ಎದ್ದು ಕೂತು ಲೆಕ್ಕ ಹಾಕ್ತಾರೆ. ಅಂಗಡಿ ಹುಡುಗನ ಮೇಲೆ ಸುಮ್ಸುಮ್ನೆ ರೇಗ್ತಾರೆ.” ಪರೀಕ್ಷೆ ಮುಗಿದು ಕಾಲೇಜು ಖಾಲಿ. ಆದರೂ ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಗಲ್ಲಾ ಮುಂದೆ ಕೂರುವುದು. ಕೆಲವು ದಿನ ಮಧ್ಯಾಹ್ನ ಆದರೂ ಬೋಣಿ ಇಲ್ಲ. ಕೂತಲ್ಲೇ ವಾರಕ್ಕೊಂದು ಯೋಜನೆ: ಜ್ಯೂಸ್ ಅಂಗಡಿ, ಕಂತಿನ ಮೇಲೆ ಫ್ರಿಜ್, ಸಾಲ ಮಾಡಿ ಕಲರ್ ಪ್ರಿಂಟರ್.

ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಇದ್ದಿದ್ದರೆ ದಾರಿಯೇ ಬೇರೆ, ಮೊದಲು ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಹೊತ್ತಲ್ಲದ ಹೊತ್ತಲ್ಲಿ ಬೇಕಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ.

ನಾನು ವ್ಯಾಪಾರದ ಸಲಹೆಗಾರಳಲ್ಲ. ಆದರೆ ಭಯ ಲೆಕ್ಕದ ಪುಸ್ತಕದಲ್ಲಿ ಕೂತಿದ್ದರೆ ಆ ಪುಸ್ತಕ ತೆರೆಯದೆ ಏನು ಮಾತಾಡುವುದು? ಮುಂದಿನ ಸಲ ಹಳೇ ಲೆಕ್ಕ ತರಲು ಹೇಳಿದೆ. ಮೂರು ವರ್ಷದ ಲಾಂಗ್ ಬುಕ್ ತಂದರು. ಏಪ್ರಿಲ್, ಮೇ, ಜೂನ್ ಪುಟಗಳನ್ನು ಪಕ್ಕಪಕ್ಕ ಇಟ್ಟೆವು. ಮೂರೂ ವರ್ಷ ಮೇನಲ್ಲಿ ವ್ಯಾಪಾರ ಬಿದ್ದಿದೆ, ಜೂನ್‌ನಲ್ಲಿ ಎದ್ದಿದೆ. “ಪ್ರತಿ ವರ್ಷ ಇದೇ ಗೋಳು, ಅಲ್ವಾ?” ಎಂದು ಅವರೇ ನಕ್ಕರು.

ಅಷ್ಟಕ್ಕೇ ಬಿಟ್ಟಿದ್ದರೆ ಸುಳ್ಳು ಸಮಾಧಾನವಾಗುತ್ತಿತ್ತು. ಜೂನ್‌ನ ಝೆರಾಕ್ಸ್ ಲೆಕ್ಕ ವರ್ಷದಿಂದ ವರ್ಷಕ್ಕೆ ಇಳಿದಿತ್ತು. ನೋಟ್ಸ್ ಈಗ ವಾಟ್ಸಾಪ್‌ನಲ್ಲೇ ಓಡಾಡುತ್ತದೆ. ಅಂದರೆ ಬೇಸಿಗೆಯ ಇಳಿತ ಬೇರೆ, ಈ ಇಳಿತ ಬೇರೆ. ಮೊದಲನೆಯದು ತಾನಾಗೇ ಹೋಗುತ್ತದೆ, ಎರಡನೆಯದಕ್ಕೆ ಕೆಲಸ ಮಾಡಬೇಕು. ಅಣ್ಣ ಎರಡನ್ನೂ ಒಂದೇ ಗಂಟು ಮಾಡಿ ತಲೆ ಮೇಲೆ ಹೊತ್ತಿದ್ದರು.

ಕೊಟ್ಟ ಸಲಹೆ ಇಷ್ಟು. ಜೂನ್ ಮುಗಿಯುವವರೆಗೆ ಹೊಸ ಸಾಲ, ಹೊಸ ಕಂತು ಬೇಡ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆ ಬಾಗಿಲು ಹಾಕಿ, ಹೊರಗೆ ಬೋರ್ಡ್ ತೂಗುಹಾಕಿ. ಮಲಗಿದರೆ ಅರ್ಧ ಗಂಟೆ, ಜಾಸ್ತಿ ಬೇಡ. ಸಂಜೆ ಐದರ ಮೇಲೆ ಚಹಾ ಇಲ್ಲ. ನಿದ್ದೆ ಬರಲಿ ಬಿಡಲಿ, ಬೆಳಗ್ಗೆ ಏಳುವ ಹೊತ್ತು ಒಂದೇ. ಉದ್ರಿ ಪುಸ್ತಕ ಹೆಂಡತಿ ಕೈಗೆ, ಏಕೆಂದರೆ ಅಣ್ಣನಿಗೆ ಕೇಳಲು ಸಂಕೋಚ, ಅವರಿಗಿಲ್ಲ. ಮಳೆ ಶುರುವಾದರೆ ಕಾಗದ ತೇವ ಹಿಡಿದು ಮಷೀನಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅಣ್ಣನೇ ಹೇಳಿದ್ದರು. ಹಾಗಿದ್ದರೆ ಸರ್ವೀಸ್ ಈಗಲೇ ಆಗಲಿ ಎಂದೆ.

ಜಗಳ ಬಿದ್ದದ್ದು ಹಿಂದಿನ ರ‍್ಯಾಕ್ ವಿಷಯಕ್ಕೆ. 2024ರಲ್ಲಿ ಸರ್ಕಾರ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತಲ್ಲ, ಹಳೇ ಸಿಲಬಸ್ಸಿನ ಗೈಡ್‌ಗಳು ಅಲ್ಲೇ ಧೂಳು ತಿನ್ನುತ್ತಿದ್ದವು. ರದ್ದಿಗೆ ಹಾಕಿ ಎಂದರೆ ಒಪ್ಪಲಿಲ್ಲ. “ಹಾಕಿದ ದುಡ್ಡು ಮೇಡಂ ಅದು.” ದುಡ್ಡು ಹೋಗಿ ಆಗಿದೆ, ಈಗ ಹೋಗುತ್ತಿರುವುದು ಜಾಗ ಎಂದೆ. ಉತ್ತರ ಬರಲಿಲ್ಲ. ಆ ಸಲ ಅಲ್ಲಿಗೇ ಬಿಟ್ಟೆ. ಒತ್ತಾಯಿಸಿದರೆ ಅವರು ಇನ್ನಷ್ಟು ಬಿಗಿಯಾಗುತ್ತಾರೆ.

ಮಧ್ಯಾಹ್ನ ಬಾಗಿಲು ಹಾಕುವುದನ್ನು ಅವರು ಪೂರ್ತಿ ಪಾಲಿಸಲಿಲ್ಲ. ಆದರೆ ಅಂಗಡಿಯನ್ನು ಹುಡುಗನಿಗೆ ಒಪ್ಪಿಸಿ, ಮಗನನ್ನು ಕರೆದುಕೊಂಡು ಅಜ್ಜಿ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಂದರು. ಹುಡುಗ ಚೆನ್ನಾಗಿಯೇ ನೋಡಿಕೊಂಡಿದ್ದ. ಅದು ಅಣ್ಣನಿಗೆ ಸ್ವಲ್ಪ ಬೇಜಾರು ತಂದಿತು ಅಂತ ನನ್ನ ಅನುಮಾನ! ಬಂದ ಮೇಲೆ ಅರ್ಧ ರ‍್ಯಾಕ್ ತಾವಾಗೇ ಖಾಲಿ ಮಾಡಿ ಬ್ರೌನ್ ಪೇಪರ್, ಲೇಬಲ್, ಪಿಯುಸಿ ನೋಟ್‌ಬುಕ್ ಇಟ್ಟರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರದ ಪ್ರತಿ ಬೇಕೆಂದು ಜನ ಬಂದೇ ಬರುತ್ತಾರೆ. ಹಾಗೆ ಬಂದವರಿಗೆ ವಿದ್ಯಾರ್ಥಿವೇತನದ ಅರ್ಜಿಯನ್ನೂ ಆನ್‌ಲೈನ್‌ನಲ್ಲಿ ತುಂಬಿಕೊಡುವ ಯೋಚನೆ ಹೆಂಡತಿಯದು. ಜ್ಯೂಸ್ ಅಂಗಡಿಗಿಂತ ಇದು ನನಗೆ ಹಿಡಿಸಿತು, ಗಿರಾಕಿ ಅದೇ, ಕೌಂಟರ್ ಅದೇ.

ನಿದ್ದೆ ಈಗ ಪರವಾಗಿಲ್ಲ. ಕಲರ್ ಪ್ರಿಂಟರ್ ಆಸೆ ಮಾತ್ರ ಹೋಗಿಲ್ಲ. ಜುಲೈ ಮೊದಲ ವಾರ ಜೂನ್ ಲೆಕ್ಕ ಹಿಡಿದುಕೊಂಡು ಇಬ್ಬರೂ ಬನ್ನಿ, ಆಮೇಲೆ ಮಾತಾಡೋಣ ಎಂದಿದ್ದೇನೆ.