ಸ್ವಿಫ್ಟ್ ಕರೆಂಟ್ ಹುಡುಗರ ಕಥೆ: ಫಾರ್ವರ್ಡ್ ಆಗದೇ ಉಳಿದ ಭಾಗ

ಮೇಷ್ಟ್ರೇ, ನಮಸ್ಕಾರ.

ಉಳಿದ ಓದುಗರಿಗೆ ಮೊದಲು ನಿಮ್ಮ ಪತ್ರದ ವಿಷಯ ಹೇಳಿಬಿಡುತ್ತೇನೆ. ನೀವು ಅರಸೀಕೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕರು. ನಿಮಗೆ ವಾಟ್ಸಾಪಿನಲ್ಲಿ ಒಂದು ಕಥೆ ಬಂದಿದೆ. ಕೆನಡಾದ ಪುಟ್ಟ ಊರಿನ ಐಸ್ ಹಾಕಿ ತಂಡದ ಬಸ್ ಅಪಘಾತಕ್ಕೆ ಸಿಕ್ಕಿತು, ನಾಲ್ವರು ಹುಡುಗರು ಸತ್ತರು, ಉಳಿದವರು ಎದೆಗುಂದದೆ ಆಡಿ ಎರಡೂವರೆ ವರ್ಷದಲ್ಲಿ ದೇಶದ ಕಪ್ಪನ್ನೇ ಗೆದ್ದರು ಅಂತ. ಇದು ನಿಜವೇ, ಶಾಲೆಯ ಕ್ರೀಡಾ ದಿನದಂದು ಮಕ್ಕಳಿಗೆ ಓದಿ ಹೇಳಬಹುದೇ ಎಂಬುದು ನಿಮ್ಮ ಮೊದಲ ಪ್ರಶ್ನೆ. ಅಷ್ಟು ಚಿಕ್ಕ ಊರು ಅಂಥ ತಂಡವನ್ನು ಹೇಗೆ ಸಾಕುತ್ತದೆ ಎಂಬುದು ಎರಡನೆಯದು.

ಕಥೆ ನಿಜ. ಆದರೆ ಅರ್ಧ. ಉಳಿದರ್ಧ ಮೆಸೇಜಿನಲ್ಲಿ ಇಲ್ಲ. ಕ್ರೀಡಾ ಶಿಕ್ಷಕರಿಗೆ ಜಾಸ್ತಿ ಬೇಕಾದದ್ದು ಅದೇ ಅರ್ಧ.

ಊರಿನ ಹೆಸರು ಸ್ವಿಫ್ಟ್ ಕರೆಂಟ್. ಸಸ್ಕಾಚೆವಾನ್ ಪ್ರಾಂತ್ಯದ ಗೋಧಿ ಬಯಲಿನಲ್ಲಿ, ಟ್ರಾನ್ಸ್-ಕೆನಡಾ ಹೆದ್ದಾರಿಯ ಪಕ್ಕದಲ್ಲಿದೆ. ಜನಸಂಖ್ಯೆ 16 ಸಾವಿರ ಚಿಲ್ಲರೆ, ಅಂದರೆ ನಿಮ್ಮ ಅರಸೀಕೆರೆ ಪಟ್ಟಣದ ಮೂರನೇ ಒಂದು ಭಾಗದಷ್ಟು. ತಂಡದ ಹೆಸರು ಬ್ರಾಂಕೋಸ್. ಅದು ಆಡುವ ವೆಸ್ಟರ್ನ್ ಹಾಕಿ ಲೀಗ್ ಕೆನಡಾದ ಮೂರು ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಒಂದು. ಆಡುವವರೆಲ್ಲ 16ರಿಂದ 20 ವರ್ಷದ ಹುಡುಗರು. ಎನ್‌ಎಚ್‌ಎಲ್‌ಗೆ, ಅಂದರೆ ಅಲ್ಲಿನ ದೊಡ್ಡ ವೃತ್ತಿಪರ ಲೀಗ್‌ಗೆ, ಹೋಗಬೇಕೆಂದವರಿಗೆ ಇದೇ ಮುಖ್ಯ ಮೆಟ್ಟಿಲು. ಮನೆ ಬಿಟ್ಟು ನೂರಾರು ಕಿಲೋಮೀಟರ್ ದೂರದ ಊರಿಗೆ ಬರುತ್ತಾರೆ. ಹಾಸ್ಟೆಲ್ ಇರುವುದಿಲ್ಲ. ಊರಿನ ಯಾವುದೋ ಒಂದು ಕುಟುಂಬ ಹುಡುಗನನ್ನು ಸೀಸನ್ ಪೂರ್ತಿ ಮನೆಯಲ್ಲಿ ಇಟ್ಟುಕೊಳ್ಳುತ್ತದೆ. ಊಟ, ಕೋಣೆ, ಜ್ವರ ಬಂದರೆ ಔಷಧಿ, ಶಾಲೆಗೆ ಎಬ್ಬಿಸಿ ಕಳಿಸುವುದು, ಎಲ್ಲವೂ ಆ ಮನೆಯವರದೇ.

ತಂಡ ಹುಟ್ಟಿದ್ದು 1967ರಲ್ಲಿ. ಮೊದಲ ಕೆಲವು ವರ್ಷಗಳಲ್ಲೇ ಇಲ್ಲಿಂದ ಇಬ್ಬರು ದೊಡ್ಡ ಹೆಸರಿನವರು ಹೊರಟರು. ಒಬ್ಬರು ಬ್ರಯಾನ್ ಟ್ರಾಟಿಯರ್. ದಕ್ಷಿಣಕ್ಕಿರುವ ವಾಲ್ ಮೇರಿ ಎಂಬ ಹಳ್ಳಿಯ ಹುಡುಗ, ಮುಂದೆ ಆಟಗಾರನಾಗಿ ಆರು ಬಾರಿ ಸ್ಟ್ಯಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್ ಚಾಂಪಿಯನ್ ಕಪ್, ಗೆದ್ದರು. ಇನ್ನೊಬ್ಬರು ಟೈಗರ್ ವಿಲಿಯಮ್ಸ್. ಇವರ ದಾಖಲೆ ಬೇರೆ ಥರದ್ದು: ಎನ್‌ಎಚ್‌ಎಲ್‌ನಲ್ಲಿ ಶಿಕ್ಷೆಯಾಗಿ ಅಂಗಳದ ಹೊರಗೆ ಕೂತದ್ದು ಒಟ್ಟು ಹತ್ತಿರ ಹತ್ತಿರ 4 ಸಾವಿರ ನಿಮಿಷ! ಇವತ್ತಿಗೂ ಅದನ್ನು ಯಾರೂ ಮುರಿದಿಲ್ಲ. (ಇದನ್ನು ಮಾತ್ರ ಮಕ್ಕಳಿಗೆ ಹೇಳಬೇಡಿ.)

1974ರಲ್ಲಿ ತಂಡ ಊರು ಬಿಟ್ಟು ಆಲ್ಬರ್ಟಾದ ಲೆತ್‌ಬ್ರಿಜ್‌ಗೆ ಹೋಯಿತು. ಹನ್ನೆರಡು ವರ್ಷ ಅಲ್ಲೇ ಇತ್ತು. 1986ರಲ್ಲಿ ಸ್ವಿಫ್ಟ್ ಕರೆಂಟ್ ಜನರೇ ಹಣ ಹೊಂದಿಸಿ, ತಂಡವನ್ನು ಕೊಂಡು ವಾಪಸ್ ತಂದರು. ಹೀಗೆ ಬಂದ ತಂಡದ ಮೇಲೆ ಊರಿಗೆ ಎಂಥ ಮಮತೆ ಇದ್ದೀತು ಅಂತ ನೀವೇ ಊಹಿಸಿ. ಚಳಿಗಾಲದಲ್ಲಿ ಪಂದ್ಯದ ರಾತ್ರಿ ಅಂದರೆ ಆ ಊರಿಗೆ ಜಾತ್ರೆ. ಕ್ರೀಡಾಂಗಣ ಹಿಡಿಸುವುದೇ 3 ಸಾವಿರದ ಆಸುಪಾಸು ಜನರನ್ನು. ಅದು ತುಂಬಿತೆಂದರೆ ಊರಿನಲ್ಲಿ ಐದಕ್ಕೆ ಒಬ್ಬರು ಅಲ್ಲಿದ್ದಾರೆ ಎಂದೇ ಲೆಕ್ಕ.

ವಾಪಸ್ ಬಂದ ಮೊದಲ ಸೀಸನ್‌ನಲ್ಲೇ ಆ ಅಪಘಾತ. 1986ರ ಡಿಸೆಂಬರ್ 30. ರೆಜೈನಾದಲ್ಲಿ ಪಂದ್ಯವಿತ್ತು, ಹತ್ತಿರ ಹತ್ತಿರ ಇನ್ನೂರೈವತ್ತು ಕಿಲೋಮೀಟರ್ ದಾರಿ. ಬಸ್ ಊರು ದಾಟಿ ಹೆಚ್ಚು ದೂರ ಹೋಗಿರಲಿಲ್ಲ. ರಸ್ತೆಯ ಮೇಲೆ ಮಂಜುಗಡ್ಡೆಯ ತೆಳು ಪದರ. ಡಾಂಬರಿನ ಬಣ್ಣದಲ್ಲೇ ಬೆರೆತು ಹೋಗುವುದರಿಂದ ಅದು ಕಣ್ಣಿಗೆ ಕಾಣುವುದಿಲ್ಲ. ಬಸ್ ಜಾರಿತು, ದಿಬ್ಬಕ್ಕೆ ಬಡಿದು ಗಾಳಿಯಲ್ಲಿ ಹಾರಿತು, ಮಗ್ಗುಲಾಗಿ ಬಿತ್ತು. ಹಿಂದಿನ ಸೀಟುಗಳಲ್ಲಿ ಇಸ್ಪೀಟಾಡುತ್ತಿದ್ದ ನಾಲ್ವರು ಹೋಗಿಬಿಟ್ಟರು. ಟ್ರೆಂಟ್ ಕ್ರೆಸ್, 20 ವರ್ಷ. ಸ್ಕಾಟ್ ಕ್ರೂಗರ್, 19, ಅದೇ ಊರಿನ ಹುಡುಗ. ಕ್ರಿಸ್ ಮಾಂಟಿಕಾ, 19. ಬ್ರೆಂಟ್ ರಫ್, ಬರೀ 16. ಅವರ ಅಂಗಿಯ ನಂಬರುಗಳು 8, 9, 22, 11. ನಿಮ್ಮ ಮೆಸೇಜಿನ ಜೊತೆಗಿದ್ದ ಫೋಟೋದಲ್ಲಿ ನಾಲ್ಕೆಲೆಯ ಆಕಾರದ ಒಂದು ಸ್ಮಾರಕವಿದೆ ನೋಡಿ, ಅದು ಅಪಘಾತ ನಡೆದ ಜಾಗದಲ್ಲಿ 30 ವರ್ಷದ ಬಳಿಕ ನಿಲ್ಲಿಸಿದ್ದು. ಲೀಗ್ ತನ್ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಟ್ರೋಫಿಯ ಹೆಸರೂ ಈಗ ಫೋರ್ ಬ್ರಾಂಕೋಸ್ ಮೆಮೋರಿಯಲ್ ಟ್ರೋಫಿ.

ಆ ಬಸ್ಸಿನಲ್ಲಿ ಬದುಕುಳಿದವರಲ್ಲಿ 17 ವರ್ಷದ ಜೋ ಸ್ಯಾಕಿಕ್ ಒಬ್ಬ. ಅದೇ ಸೀಸನ್‌ನಲ್ಲಿ 60 ಗೋಲು ಹೊಡೆದ, ಮುಂದೆ ಕೊಲೊರಾಡೊ ತಂಡದ ನಾಯಕನಾಗಿ ಎರಡು ಸ್ಟ್ಯಾನ್ಲಿ ಕಪ್ ಎತ್ತಿದ. ಸತ್ತ ಸ್ಕಾಟ್‌ನ ತಮ್ಮಂದಿರಾದ ಡ್ಯಾರೆನ್ ಮತ್ತು ಟ್ರೆವರ್ ಇಬ್ಬರೂ 1989ರ ತಂಡದಲ್ಲಿದ್ದರು, ಟ್ರೆವರ್ ಗೋಲ್‌ಕೀಪರ್. ಆ ವರ್ಷ ಬ್ರಾಂಕೋಸ್ 72 ಪಂದ್ಯಗಳಲ್ಲಿ 55 ಗೆದ್ದಿತು. ಪ್ಲೇಆಫ್‌ನಲ್ಲಿ ಹನ್ನೆರಡಕ್ಕೆ ಹನ್ನೆರಡೂ ಗೆಲುವು. ಮೇ ತಿಂಗಳಲ್ಲಿ ಸಸ್ಕಾಟೂನ್‌ನಲ್ಲಿ ಮೆಮೋರಿಯಲ್ ಕಪ್ (ನಿಮ್ಮ ಮೆಸೇಜಿನ ದೇಶದ ಕಪ್, ಜೂನಿಯರ್ ತಂಡಗಳದ್ದು) ಫೈನಲ್, ಎದುರಾಳಿ ಆ ಊರಿನದೇ ತಂಡ ಬ್ಲೇಡ್ಸ್. 3-3 ಸಮ ಆಗಿ ಹೆಚ್ಚುವರಿ ಸಮಯಕ್ಕೆ ಹೋಯಿತು. ಬ್ರಾಂಕೋಸ್‌ನ ಟಿಮ್ ಟಿಸ್ಡೇಲ್ ಗೋಲು ಹೊಡೆದ, ಮುಗಿಯಿತು.

ನಿಮ್ಮ ಮೆಸೇಜ್ ನಿಲ್ಲುವುದು ಇಲ್ಲಿಗೆ.

ಆ ತಂಡದ ಕೋಚ್ ಗ್ರಹಾಂ ಜೇಮ್ಸ್. 1989ರಲ್ಲಿ ಹಾಕಿ ಪತ್ರಿಕೆಯೊಂದು ಅವನನ್ನು ವರ್ಷದ ವ್ಯಕ್ತಿ ಎಂದು ಹೊಗಳಿತ್ತು. ದುಃಖದಿಂದ ತಂಡವನ್ನು ಎತ್ತಿ ನಿಲ್ಲಿಸಿದವನು ಎಂಬ ಹೆಸರು ಬೇರೆ. ಏಳು ವರ್ಷದ ನಂತರ, 1996ರಲ್ಲಿ, ಆ ಗೆದ್ದ ತಂಡದಲ್ಲಿದ್ದ ಶೆಲ್ಡನ್ ಕೆನಡಿ ಪೊಲೀಸರ ಹತ್ತಿರ ಹೋದರು. ತಾನು ಹದಿನಾಲ್ಕರ ಹುಡುಗನಾಗಿದ್ದಾಗಿನಿಂದ ಜೇಮ್ಸ್ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ ಎಂದರು. ಮಂಗಳವಾರ ಮತ್ತು ಗುರುವಾರ ರಾತ್ರಿ ಹುಡುಗ ಕೋಚ್‌ನ ಮನೆಗೆ ಹೋಗಬೇಕಿತ್ತು. ಟೈಮ್‌ಟೇಬಲ್ ಹಾಕಿದ ಹಾಗೆ, ವರ್ಷಗಟ್ಟಲೆ. 1997ರ ಜನವರಿಯಲ್ಲಿ ಜೇಮ್ಸ್ ತಪ್ಪೊಪ್ಪಿಕೊಂಡ. ಇಬ್ಬರು ಆಟಗಾರರು, ಸುಮಾರು 350 ಬಾರಿ. ಶಿಕ್ಷೆ ಮೂರೂವರೆ ವರ್ಷ. ಆಮೇಲೆ ಇನ್ನೂ ಕೆಲವರು ಮುಂದೆ ಬಂದರು, ಇನ್ನೂ ಕೆಲವು ಶಿಕ್ಷೆಗಳಾದವು. ನಡುವೆ 2007ರಲ್ಲಿ ಅವನಿಗೆ ಸದ್ದಿಲ್ಲದೆ ಕ್ಷಮಾದಾನವೂ ಸಿಕ್ಕಿತ್ತು! 2010ರಲ್ಲಿ ಅದು ಬಯಲಾಗಿ ಗಲಾಟೆ ಎದ್ದಾಗ ಕೆನಡಾ ಸರ್ಕಾರ ಕ್ಷಮಾದಾನದ ಕಾನೂನನ್ನೇ ಬಿಗಿ ಮಾಡಬೇಕಾಯಿತು.

ಈಗ ಅಪಘಾತದ ಕಡೆ ಮತ್ತೊಮ್ಮೆ ತಿರುಗಿ ನೋಡಿ. ನಾಲ್ವರು ಗೆಳೆಯರ ಸಾವನ್ನು ಕಣ್ಣಾರೆ ಕಂಡ ಹದಿಹರೆಯದ ಹುಡುಗರಿಗೆ ಆಪ್ತ ಸಮಾಲೋಚನೆ ಸಿಗಲಿಲ್ಲ. ಹೊರಗಿನವರು ಬೇಡ, ನಮ್ಮದನ್ನು ನಾವೇ ನೋಡಿಕೊಳ್ಳೋಣ ಅಂತ ಜೇಮ್ಸ್ ತಡೆದ ಎಂದು ಆಟಗಾರರು ಮುಂದೆ ಹೇಳಿದ್ದಾರೆ. ಆಗ ಅದು ಗಟ್ಟಿತನದ ಹಾಗೆ ಕಂಡಿತು. ಹೊರಗಿನ ಒಬ್ಬ ಸಮಾಲೋಚಕ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಿದರೆ ಏನೇನು ಹೊರಬರುತ್ತದೋ ಎಂಬ ಭಯ ಅವನಿಗಿತ್ತು ಎಂದು ಅವರೇ ಬಳಿಕ ಅರ್ಥ ಮಾಡಿಕೊಂಡರು.

ಹಾಗಾಗಿ "ಎದೆಗುಂದದೆ ಆಡಿದರು" ಎಂಬ ಮಾತು ಓದಿದಾಗ ನನಗೆ ಕಸಿವಿಸಿಯಾಗುತ್ತದೆ. ಹುಡುಗರು ಗಟ್ಟಿಗರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಯಿಬಿಡದೆ ಆಡುವುದನ್ನೇ ನಾವು ಧೈರ್ಯ ಅಂತ ಹೊಗಳುತ್ತಾ ಹೋದರೆ ಜೇಮ್ಸ್‌ನಂಥವನಿಗೆ ಅನುಕೂಲ, ಅಲ್ವಾ? ಆ ಊರಿನ ಒಗ್ಗಟ್ಟೇ ತಂಡವನ್ನು ವಾಪಸ್ ತಂದಿತು, ಹುಡುಗರಿಗೆ ಮನೆ ಕೊಟ್ಟಿತು. ಅದೇ ಒಗ್ಗಟ್ಟಿನಿಂದಾಗಿ ಗೆಲ್ಲಿಸುವ ಕೋಚ್‌ನ ಬಗ್ಗೆ ಯಾರೂ ಕೆಟ್ಟದ್ದು ಯೋಚಿಸಲೂ ಹೋಗಲಿಲ್ಲ. ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು, ಯಾರ ಹೆಸರು ಎನ್‌ಎಚ್‌ಎಲ್‌ನವರ ಕಿವಿಗೆ ಬೀಳಬೇಕು, ಎಲ್ಲವೂ ಒಬ್ಬನ ಕೈಲಿ. ಅಪ್ಪ-ಅಮ್ಮ ಎಲ್ಲೋ ದೂರದಲ್ಲಿ. ಹುಡುಗ ಯಾರಿಗೆ ಹೇಳಬೇಕು?

ಕೆನಡಿ ಅವರು ಕುಡಿತ, ಮಾದಕ ವಸ್ತು ಎಲ್ಲದರಲ್ಲೂ ಬಿದ್ದು ಎದ್ದರು. 1998ರಲ್ಲಿ ಚಕ್ರದ ಸ್ಕೇಟ್ ಕಟ್ಟಿಕೊಂಡು ಕೆನಡಾದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಹೋದರು, ದೌರ್ಜನ್ಯಕ್ಕೆ ಒಳಗಾದ ಮಕ್ಕಳಿಗಾಗಿ ಹಣ ಕೂಡಿಸಲು. ಮುಂದೆ ಗೆಳೆಯರೊಬ್ಬರ ಜೊತೆ ಸೇರಿ ಕೋಚ್‌ಗಳಿಗೆ, ತಂದೆತಾಯಿಗಳಿಗೆ ತರಬೇತಿ ಕೊಡುವ ಸಂಸ್ಥೆ ಕಟ್ಟಿದರು. ದೌರ್ಜನ್ಯದ ಸುಳಿವನ್ನು ಗುರುತಿಸುವುದು ಹೇಗೆ, ಕಂಡಾಗ ಏನು ಮಾಡಬೇಕು ಎಂಬುದೇ ಅಲ್ಲಿನ ಪಾಠ.

ಇಷ್ಟೆಲ್ಲ ಮಕ್ಕಳಿಗೆ ಹೇಳುವುದು ಹೇಗೆ ಅಂತ ನೀವು ಕೇಳಬಹುದು. ವಿವರ ಬೇಡ. ಕಪ್ ಗೆದ್ದ ತಂಡದ ಒಬ್ಬ ಹುಡುಗ ತನಗಾದ ಅನ್ಯಾಯವನ್ನು ದೊಡ್ಡವನಾದ ಮೇಲೆ ಬಾಯಿಬಿಟ್ಟು ಹೇಳಿದ, ಜನ ನಂಬಿದರು, ತಪ್ಪು ಮಾಡಿದವನು ಜೈಲಿಗೆ ಹೋದ ಎಂದರೆ ಎಂಟನೇ ಕ್ಲಾಸಿನವರಿಗೂ ಅರ್ಥವಾಗುತ್ತದೆ. ಟೂರ್ನಮೆಂಟಿಗೆ ಬೇರೆ ಊರಿಗೆ ಕರೆದುಕೊಂಡು ಹೋದಾಗ ಏನಾದರೂ ಸರಿ ಕಾಣದಿದ್ದರೆ ಯಾರಿಗೆ ಹೇಳಬೇಕು ಅನ್ನುವುದನ್ನೂ ಆಗಲೇ ತಿಳಿಸಿ, ಮಕ್ಕಳ ಸಹಾಯವಾಣಿ 1098 ಸೇರಿಸಿ. ನಮ್ಮಲ್ಲಿ 2012ರ ಪೋಕ್ಸೋ ಕಾಯ್ದೆ ಪ್ರಕಾರ ಇಂಥದ್ದು ಗೊತ್ತಾದ ಮೇಲೆ ದೂರು ಕೊಡದೆ ಸುಮ್ನೆ ಇರುವುದೂ ಅಪರಾಧ. ಸಹೋದ್ಯೋಗಿಗಳಿಗೂ ಒಮ್ಮೆ ನೆನಪಿಸಿದರೆ ಒಳ್ಳೆಯದು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ತಂಡಕ್ಕೆ ಶ್ರೀಮಂತ ಮಾಲೀಕರಿಲ್ಲ, ಅದು ಊರಿನದೇ ಆಸ್ತಿ. ಟಿಕೆಟ್, ಸ್ಥಳೀಯ ಅಂಗಡಿ-ಕಂಪನಿಗಳ ಪ್ರಾಯೋಜಕತ್ವ, ಸ್ವಯಂಸೇವಕರ ದುಡಿಮೆ, ಇವುಗಳ ಮೇಲೆ ನಡೆಯುತ್ತದೆ. ಖರ್ಚು ತೂಗಿಸುವುದು ಒಂದು ಕಷ್ಟವಾದರೆ, ಹುಡುಗರು ಇಪ್ಪತ್ತಕ್ಕೆ ಬಿಟ್ಟು ಹೋಗುವುದು ಇನ್ನೊಂದು. ಎಷ್ಟೇ ಒಳ್ಳೆಯ ತಂಡವಾದರೂ ಎರಡು-ಮೂರು ವರ್ಷಕ್ಕೆ ಕರಗುತ್ತದೆ. ಹೀಗಾಗಿ ಚಿಕ್ಕ ಊರಿನವರು ಕೆಲವೊಮ್ಮೆ ಒಂದೇ ವರ್ಷಕ್ಕೆ ಎಲ್ಲವನ್ನೂ ಪಣಕ್ಕಿಡುತ್ತಾರೆ. ಮುಂದೆ ಬರಬೇಕಾದ ಎಳೆಯ ಆಟಗಾರರನ್ನು ಆರಿಸುವ ಹಕ್ಕನ್ನು ಬೇರೆ ತಂಡಗಳಿಗೆ ಬಿಟ್ಟುಕೊಟ್ಟು, ಈಗಲೇ ಗೆಲ್ಲಿಸಬಲ್ಲ ಅನುಭವಿಗಳನ್ನು ತರುತ್ತಾರೆ. 2018ರಲ್ಲಿ ಬ್ರಾಂಕೋಸ್ ಮಾಡಿದ್ದು ಇದನ್ನೇ. ಲೀಗ್ ಗೆದ್ದರು, 1989 ಮತ್ತು 1993ರ ನಂತರ ಮೂರನೇ ಸಲ. ಮರುವರ್ಷ ಅದರ ಬೆಲೆ ತೆತ್ತರು: 68 ಪಂದ್ಯಗಳಲ್ಲಿ ಗೆದ್ದದ್ದು 11. ತಂಡ ಈಗಲೂ ಅದೇ ಊರಿನಲ್ಲಿದೆ, ಸೆಪ್ಟೆಂಬರ್ ಬಂತೆಂದರೆ ಹೊಸ ಹುಡುಗರು ಬ್ಯಾಗು ಹೊತ್ತು ಬಂದು ಯಾರದೋ ಮನೆಯ ಬಾಗಿಲು ತಟ್ಟುತ್ತಾರೆ.

ಇಂತಿ,
ಸಂಪಾದಕ