ದೊಡ್ಡ ಭೂತಗನ್ನಡಿ ಕೊಂಡರೆ ಜಾಸ್ತಿ ದೊಡ್ಡದಾಗಿ ಕಾಣುತ್ತಾ?

ನೀವು ಕೇಳಿರುವುದು ಎರಡು ವಿಷಯ. ಒಂದೇ ಭೂತಗನ್ನಡಿ ಹತ್ತಿರದ ಅಕ್ಷರವನ್ನು ದೊಡ್ಡದು ಮಾಡಿ, ದೂರದ ಮರವನ್ನು ಚಿಕ್ಕದಾಗಿ ತಲೆಕೆಳಗೆ ತೋರಿಸುವುದು ಯಾಕೆ? ಅಗಲದ ಲೆನ್ಸ್ ಕೊಂಡರೆ ಇನ್ನೂ ದೊಡ್ಡದಾಗಿ ಕಾಣುತ್ತಾ?

ಎರಡನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಇಲ್ಲ. ಇದನ್ನು ನಾನು ದುಡ್ಡು ಕೊಟ್ಟು ಕಲಿತವನು. ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ಸಣ್ಣ ಕಾಫಿ ತೋಟ. ಕಾಯಿಕೊರಕ ಹುಳ ಸುಮಾರು ಒಂದೂವರೆ ಮಿಲಿಮೀಟರ್, ಬರಿಗಣ್ಣಿಗೆ ಕರಿ ಚುಕ್ಕೆ. ಅಂಗಡಿಯವರು "ದೊಡ್ಡದೇ ತಗೊಳ್ಳಿ" ಅಂದರು ಅಂತ ಅಂಗೈ ಅಗಲದ್ದು ತಂದೆ. ಸ್ವಲ್ಪ ಉಬ್ಬಿದ ಕರಿ ಚುಕ್ಕೆ ಕಂಡಿತು, ಅಷ್ಟೆ. ಆಮೇಲೆ ಹೆಬ್ಬೆರಳಿನ ಉಗುರಿನಷ್ಟಿರುವ 10 ಪಟ್ಟಿನ ಲೂಪ್ (ಕಣ್ಣಿಗೆ ಹತ್ತಿರ ಹಿಡಿದು ನೋಡುವ ಪುಟ್ಟ ಭೂತಗನ್ನಡಿ) ಸಿಕ್ಕಿತು. ಅದರಲ್ಲಿ ಹುಳದ ಕಾಲು ಎಣಿಸಬಹುದು!

ಲೆಕ್ಕಕ್ಕೆ ಬರುವುದು ಲೆನ್ಸಿನ ಅಗಲ ಅಲ್ಲ, ಸಂಗಮ ದೂರ. ದೂರದಿಂದ ಬಂದ ಕಿರಣಗಳು ಲೆನ್ಸ್ ದಾಟಿ ಎಷ್ಟು ದೂರದಲ್ಲಿ ಕೂಡುತ್ತವೋ ಅದು. ನಮಗೆ ಭಾಗಮಂಡಲದ ಸಂಗಮ ಗೊತ್ತಿರುವುದರಿಂದ ಈ ಪದ ಶಾಲೆಯಲ್ಲೇ ತಲೆಗೆ ಹತ್ತಿತ್ತು. ಗಾಜು ಹೆಚ್ಚು ಉಬ್ಬಿದಷ್ಟೂ ಈ ದೂರ ಕಮ್ಮಿ, ದೂರ ಕಮ್ಮಿಯಾದಷ್ಟೂ ವಸ್ತು ದೊಡ್ಡದಾಗಿ ಕಾಣುತ್ತದೆ. ಲೂಪಿನದು 2.5 ಸೆಂ.ಮೀ., ನನ್ನ ದೊಡ್ಡ ಗಾಜಿನದು 15. ಅಗಲದ ಗಾಜನ್ನು ಲೂಪಿನಷ್ಟು ಉಬ್ಬಿಸಲು ಹೋದರೆ ಅದು ಲೆನ್ಸ್ ಆಗಿ ಉಳಿಯುವುದಿಲ್ಲ, ಉಂಡೆಯಾಗುತ್ತದೆ.

ಇನ್ನು ಮೊದಲ ಪ್ರಶ್ನೆ. ವಸ್ತು ಲೆನ್ಸಿನಿಂದ ಎಷ್ಟು ದೂರ, ಬಿಂಬ ಎಷ್ಟು ದೂರ, ಇವೆರಡರ ಅನುಪಾತವೇ ಬಿಂಬದ ಗಾತ್ರ. ಇನ್ನೂ ಸುಲಭವಾಗಿ ಬೇಕಾದರೆ, ವಸ್ತುವಿನ ದೂರದಿಂದ ಸಂಗಮ ದೂರ ಕಳೆಯಿರಿ. ಉಳಿದದ್ದರಿಂದ ಸಂಗಮ ದೂರವನ್ನು ಭಾಗಿಸಿ. ಬಂದದ್ದು ಎಷ್ಟು ಪಟ್ಟು ಅಂತ.

ಕಕ್ಕಡ ತಿಂಗಳ ಮಳೆಗೆ ನಮ್ಮಲ್ಲಿ ಕರೆಂಟ್ ಹೋದರೆ ಬೇಗ ಬರುವುದಿಲ್ಲ. ಅಂಥ ಒಂದು ಸಂಜೆ ಮಗಳ ಜೊತೆ ಮೇಣದಬತ್ತಿ ಇಟ್ಟುಕೊಂಡು ಕೂತೆ. ದೊಡ್ಡ ಗಾಜಿನಿಂದ ಬತ್ತಿ 30 ಸೆಂ.ಮೀ. ದೂರ ಇದ್ದಾಗ ಆಚೆ 30ರಲ್ಲಿ ಹಿಡಿದ ಕಾಗದದ ಮೇಲೆ ಅಷ್ಟೇ ಗಾತ್ರದ ಜ್ವಾಲೆ, ತಲೆಕೆಳಗೆ. 20ಕ್ಕೆ ತಂದರೆ 3 ಪಟ್ಟು, ಕಾಗದ 60ಕ್ಕೆ ಹೋಗಬೇಕು. 16ಕ್ಕೆ ತಂದರೆ 15 ಪಟ್ಟು, ಆದರೆ 2.4 ಮೀಟರ್ ಆಚೆಯ ಗೋಡೆ ಬೇಕು, ಬೆಳಕು ಹರಡಿ ಮಂಕು. 10ಕ್ಕೆ ತಂದರೆ? 10ರಿಂದ 15 ಕಳೆದರೆ ಮೈನಸ್ 5, ಉತ್ತರ ಮೈನಸ್ 3. ಮತ್ತೆ 3 ಪಟ್ಟೇ, ಆದರೆ ಈಗ ನೆಟ್ಟಗೆ, ಕಾಗದದ ಮೇಲೆ ಬೀಳದೆ ಗಾಜಿನೊಳಗೆ ಇಣುಕಿದರೆ ಮಾತ್ರ ಕಾಣುವ ಬಿಂಬ. ನಿಮ್ಮ ಅಕ್ಷರ ದೊಡ್ಡದಾಗುವುದು ಹೀಗೆ. (ಕಣ್ಣಿಗೆ ಪೂರ್ತಿ 3 ಪಟ್ಟು ಅನ್ನಿಸುವುದಿಲ್ಲ. ಆ ಬಿಂಬ ಗಾಜಿನ ಹಿಂದೆ 30 ಸೆಂ.ಮೀ. ದೂರದಲ್ಲಿದ್ದ ಹಾಗೆ ಇರುತ್ತದಲ್ಲ.)

ಮರುದಿನ ಕಿಟಕಿ. ಅದರ ಎತ್ತರ 120 ಸೆಂ.ಮೀ., ಲೆನ್ಸ್ 3 ಮೀಟರ್ ದೂರದಲ್ಲಿ. ಕತ್ತಲ ಗೋಡೆಯ ಮೇಲೆ ಸುಮಾರು 6 ಸೆಂ.ಮೀ. ಕಿಟಕಿ ಬಿತ್ತು, ಅದರೊಳಗೆ ತಲೆಕೆಳಗಾದ ಸಿಲ್ವರ್ ಓಕ್ ಮರಗಳು. ಮಗಳು ಅರ್ಧ ಗಾಜನ್ನು ಕೈಯಿಂದ ಮುಚ್ಚಿದಳು, ಅರ್ಧ ಕಿಟಕಿ ಮಾಯ ಆಗುತ್ತದೆ ಅಂತ. ಆಗಲಿಲ್ಲ. ಇಡೀ ಕಿಟಕಿ, ಅದೇ ಗಾತ್ರ, ಬೆಳಕು ಮಾತ್ರ ಕಮ್ಮಿ. ಅಗಲದ ಕೆಲಸ ಅಷ್ಟೇ ಅಲ್ವಾ, ಬೆಳಕು ಹಿಡಿಯುವುದು.

ನಿಮ್ನ ದರ್ಪಣಕ್ಕೂ, ಅಂದರೆ ಒಳಕ್ಕೆ ತಗ್ಗಿದ ಕನ್ನಡಿಗೂ, ಇದೇ ಲೆಕ್ಕ. ಅದರ ಸಂಗಮ ದೂರ ವಕ್ರತಾ ತ್ರಿಜ್ಯದ (ಕನ್ನಡಿ ಯಾವ ಗೋಳದ ತುಂಡೋ ಅದರ ತ್ರಿಜ್ಯದ) ಅರ್ಧ, ಕಾಗದದ ಮೇಲೆ ಬೀಳುವ ಬಿಂಬ ಮಾತ್ರ ವಸ್ತು ಇರುವ ಕಡೆಗೇ ಬರುತ್ತದೆ. ಮನೆಯಲ್ಲಿ ಮುಖ ದೊಡ್ಡದು ಮಾಡುವ ಶೇವಿಂಗ್ ಕನ್ನಡಿ ಇದ್ದರೆ ಅದನ್ನು ನೋಡುತ್ತಾ ಸುಮ್ನೆ ಹಿಂದೆ ಹಿಂದೆ ಹೋಗಿ. ಮುಖ ಉಬ್ಬುತ್ತಾ ಹೋಗಿ, ಒಂದು ಕಡೆ ಪೂರ್ತಿ ಕಲಸಿಹೋಗುತ್ತದೆ. ಇನ್ನೂ ಹಿಂದೆ ಹೋದರೆ ಚಿಕ್ಕದಾಗಿ, ತಲೆಕೆಳಗಾಗಿ ವಾಪಸ್ ಬರುತ್ತದೆ.